ಕುಣಿತ ಊರನ್ನು ಎಬ್ಬಿಸುತ್ತದೆಯೆ?

ರಾಮನಗರ ಬಿಟ್ಟು ಚನ್ನಪಟ್ಟಣದ ದಿಕ್ಕಿಗೆ ಹಳೆಯ ಮೈಸೂರು ರಸ್ತೆಯಲ್ಲಿ ಹೊರಟರೆ ಮೊದಲು ಜಾನಪದ ಲೋಕ ಸಿಗುತ್ತದೆ, ಆಮೇಲೆ ಕೆಂಗಲ್. 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದ ಎಚ್.ಎಲ್. ನಾಗೇಗೌಡರು 1994ರಲ್ಲಿ ಹದಿನೈದು ಎಕರೆಯಲ್ಲಿ ಜಾನಪದ ಲೋಕವನ್ನು ತೆರೆದರು. ಕೆಂಗಲ್ಲಿನಲ್ಲಿ ಅಯ್ಯನಗುಡಿಯ ಆಂಜನೇಯನಿದ್ದಾನೆ, ಜನವರಿಯಲ್ಲಿ ಕೂಡುವ ದನಗಳ ಜಾತ್ರೆಯಿದೆ. ಕನಕಪುರ, ಮಾಗಡಿಯನ್ನೂ ಸೇರಿಸಿಕೊಂಡು ಈ ಸೀಮೆಯ ಕುಣಿತಗಳನ್ನು ಎಣಿಸಲು ಕೂತರೆ ಪೂಜಾ ಕುಣಿತ, ಪಟ ಕುಣಿತ, ಸೋಮನ ಕುಣಿತ, ವೀರಗಾಸೆ, ಕರಗ, ಕೋಲಾಟ, ತಮಟೆ ಎಂದು ಪಟ್ಟಿ ಬೆಳೆಯುತ್ತದೆ. 2022ರ ಆಗಸ್ಟ್ ಕೊನೆಯಲ್ಲಿ ಈ ಹಾದಿಯೇ ನೀರು ಪಾಲಾಯಿತು. ಕೆರೆಗಳು ತುಂಬಿ ಹರಿದವು. ಹೊಸ ದಶಪಥ ಹೆದ್ದಾರಿಯಲ್ಲಿ ಬಸ್ಸು, ಕಾರುಗಳು ನಡುನೀರಿನಲ್ಲಿ ನಿಂತವು. ಬಕ್ಷಿಕೆರೆಯ ನೀರು ರಾಮನಗರದ ತಗ್ಗಿನ ಬೀದಿಗಳಿಗೆ ನುಗ್ಗಿ, ರೇಷ್ಮೆ ನೂಲು ಬಿಚ್ಚಿ ಬದುಕುವವರ ಮನೆಗಳಲ್ಲಿ ಯಂತ್ರ, ಗೂಡು, ಹಾಸಿಗೆ, ಅಕ್ಕಿ ಎಲ್ಲವೂ ಕೆಸರಾದವು.

ನೆರೆ ಇಳಿದ ಮೇಲೆ ಊರು ಹೇಗೆ ಎದ್ದು ನಿಲ್ಲಬೇಕು ಎಂದು ಹೇಳುವವರು ತಹಸೀಲ್ದಾರರು, ಎಂಜಿನಿಯರುಗಳು, ವೈದ್ಯರು. ಕುಣಿತದವರನ್ನು ಯಾರೂ ಕೇಳುವುದಿಲ್ಲ. ಕೇಳಿದರೂ, ಪರಿಹಾರ ನಿಧಿಗೆಂದು ಏರ್ಪಡಿಸಿದ ಸಂಜೆಯ ಕಾರ್ಯಕ್ರಮಕ್ಕೆ ಬಂದು ಅರ್ಧ ಗಂಟೆ ಕುಣಿದು ಹೋಗಿ ಎನ್ನುವುದಕ್ಕೆ. ಆದರೆ ಮೇಲೆ ಹೆಸರಿಸಿದ ಕುಣಿತಗಳಲ್ಲಿ ಹಲವು ಪಿಡುಗು, ಬರ, ಸಾವುಗಳ ಜೊತೆಗೇ ಬೆಳೆದು ಬಂದವು. ಹಾಗಾದರೆ ಅವು ಬಿದ್ದ ಊರನ್ನು ನಿಜಕ್ಕೂ ಎಬ್ಬಿಸುತ್ತವೆಯೆ? ಎಬ್ಬಿಸುವುದಾದರೆ ಅಲ್ಲಿ ಕೆಲಸ ಮಾಡುವುದು ಯಾವುದು? ಹೆಜ್ಜೆಯೋ, ದೇವರೋ, ಹೆಜ್ಜೆ ಬೀಳುವ ಮೊದಲು ಊರೊಳಗೆ ನಡೆಯುವ ಏರ್ಪಾಟೋ? ನನ್ನ ಒಲವು ಮೂರನೆಯದರ ಕಡೆಗಿದೆ. ಯಾಕೆ ಎಂದು ಹೇಳುವ ಮೊದಲು ಹಿಂದಿನದನ್ನು ಸ್ವಲ್ಪ ನೋಡಬೇಕು.

ಹಳೇ ಮೈಸೂರಿನ ಊರುಗಳಿಗೆ ಮಾರಿ ಎಂದರೆ ರೋಗವೂ ಹೌದು, ದೇವತೆಯೂ ಹೌದು. ಸಿಡುಬು ಬಂದರೆ ಅಮ್ಮ ಬಂದಳು ಎನ್ನುತ್ತಿದ್ದರು. ಕಾಲರಾ ಬಂದರೆ ಮಾರಿಯನ್ನು ಎಲ್ಲೆ ದಾಟಿಸಿ ಬರುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ಮೇಲೆ ಪ್ಲೇಗಮ್ಮನೆಂಬ ಹೊಸ ದೇವತೆಯೇ ಹುಟ್ಟಿಕೊಂಡಳು. ಆ ಕಾಲದಲ್ಲಿ ಇಲಿ ಬಿದ್ದ ಸುದ್ದಿ ಬಂದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಹೂಡುತ್ತಿತ್ತು. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಆ ದಿನಗಳ ಚಿತ್ರ ಇದ್ದೇ ಇದೆ. ಹಾಗೆ ಚದುರಿದವರು ತಿಂಗಳುಗಳ ಮೇಲೆ ಊರಿಗೆ ಮರಳಿದಾಗ ಯಾರ ಮನೆಯಲ್ಲಿ ಯಾರು ಉಳಿದಿದ್ದಾರೆ ಎಂಬ ಲೆಕ್ಕವೇ ತಪ್ಪಿರುತ್ತಿತ್ತು. ಮಾರಿಹಬ್ಬ ಆ ಲೆಕ್ಕವನ್ನು ಮತ್ತೆ ಹಾಕುವ ಸಂದರ್ಭ. ಇದನ್ನು ಹೇಳುವಾಗ ಡಾ. ಸಿದ್ಧಲಿಂಗಯ್ಯನವರನ್ನು ನೆನೆಯದೆ ಮುಂದಕ್ಕೆ ಹೋಗುವಂತಿಲ್ಲ. ಮಾಗಡಿ ತಾಲೂಕಿನ ಮಂಚನಬೆಲೆಯವರು, ಗ್ರಾಮದೇವತೆಗಳ ಮೇಲೆಯೇ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದವರು. ಬಡವರು, ಅಸ್ಪೃಶ್ಯರು ತಮ್ಮ ಭಯಕ್ಕೆ, ಸಿಟ್ಟಿಗೆ, ನಗೆಗೆ ಕೊಟ್ಟ ರೂಪಗಳಾಗಿ ಅವರು ಈ ದೇವತೆಗಳನ್ನು ಕಂಡರು. ‘ಅವತಾರಗಳು’ ಪುಸ್ತಕದಲ್ಲಿ ಆ ನಗೆ ಇನ್ನೂ ಜೋರಾಗಿದೆ. 2021ರ ಜೂನ್ 11ರಂದು ಅವರು ಕೊರೊನಾಕ್ಕೆ ಬಲಿಯಾದರು. ಪಿಡುಗಿನ ದೇವತೆಗಳನ್ನು ಅಷ್ಟು ಹತ್ತಿರದಿಂದ ಬಲ್ಲವರನ್ನು ಪಿಡುಗೇ ಕೊಂಡೊಯ್ಯಿತು.

ಮಾರಿಹಬ್ಬ ಕುಣಿತದಿಂದ ಶುರುವಾಗುವುದಿಲ್ಲ. ಯಜಮಾನರು ಕೂಡುತ್ತಾರೆ, ದಿನ ಗೊತ್ತು ಮಾಡುತ್ತಾರೆ, ಮನೆಗಿಷ್ಟು ಎಂದು ವಂತಿಗೆ ಎತ್ತುತ್ತಾರೆ. ಆಮೇಲೆ ತಮಟೆಯ ಸದ್ದಿನಲ್ಲಿ ಊರ ತುಂಬ ಹಬ್ಬದ ಸುದ್ದಿ ಸಾರುತ್ತಾರೆ, ಅದೇ ಸಾರು ಹಾಕುವುದು. ಸಾರು ಹಾಕಿದ ಮೇಲೆ ಊರವರು ಬೇರೆ ಊರಿನಲ್ಲಿ ರಾತ್ರಿ ತಂಗುವಂತಿಲ್ಲ, ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಹೊರಗೆ ದುಡಿಯಲು ಹೋದವರಿಗೆ ಹೇಳಿ ಕಳಿಸುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ವಂತಿಗೆ ಎತ್ತುವವರು ಬಾಗಿಲು ಬಾಗಿಲಿಗೆ ಹೋದಾಗ ಕೊಡಲಾಗದವರು ಯಾರು, ಮನೆಯ ಗಂಡಸು ಸತ್ತವರು ಯಾರು, ಊರು ಬಿಟ್ಟವರು ಯಾರು ಎಂದು ತಾನಾಗಿ ತಿಳಿಯುತ್ತದೆ. ಸರ್ಕಾರದ ಹಾನಿ ಸಮೀಕ್ಷೆಯ ನಮೂನೆಯಲ್ಲಿ ಗೋಡೆ ಎಷ್ಟು ಬಿದ್ದಿದೆ ಎಂದು ಬರೆಯಲು ಜಾಗವಿದೆ; ಆ ಮನೆಯವರ ಜೊತೆ ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆಯೇ ಎಂದು ಬರೆಯಲು ಇಲ್ಲ. ಪರಿಹಾರದ ಪಟ್ಟಿಯಲ್ಲಿ ಒಬ್ಬನ ಹೆಸರು ಬಂದು ಇನ್ನೊಬ್ಬನದು ಬಿಟ್ಟುಹೋದಾಗ ಮಾತು ಬಿಡುವುದು ಎಷ್ಟು ಸುಲಭ ಎಂದು ನೆರೆ ಕಂಡ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ.

ಪೂಜಾ ಕುಣಿತದವನನ್ನು ಹತ್ತಿರ ನಿಂತು ನೋಡಬೇಕು. ಬಿದಿರಿನ ದಬ್ಬೆಗಳಿಂದ ಕಟ್ಟಿದ, ಆಳೆತ್ತರಕ್ಕೆ ಬರುವ ಚೌಕಟ್ಟು. ಅದಕ್ಕೆ ನೆರಿಗೆ ಹಿಡಿದು ಕಟ್ಟಿದ ಬಣ್ಣಬಣ್ಣದ ಸೀರೆಗಳು, ನಡುವೆ ಶಕ್ತಿದೇವತೆಯ ಲೋಹದ ಮುಖವಾಡ. ಇದಕ್ಕೇ ಪೂಜೆ ಎನ್ನುವುದು. ಇಷ್ಟನ್ನೂ ತಲೆಯ ಮೇಲೆ ನಿಲ್ಲಿಸಿಕೊಂಡು, ಕೈ ಬಿಟ್ಟು, ತಮಟೆಯ ಗತ್ತಿಗೆ ಸರಿಯಾಗಿ ಅವನು ಕುಣಿಯಬೇಕು. ಕತ್ತು ಅಲುಗುವಂತಿಲ್ಲ, ಕಾಲು ನಿಲ್ಲುವಂತಿಲ್ಲ. ಪೂಜೆ ವಾಲಿದರೆ ಹಿಡಿಯಲು ಪಕ್ಕದಲ್ಲಿ ಇಬ್ಬರು ಸದಾ ಸಿದ್ಧರಿರುತ್ತಾರೆ. ಪೂಜೆ ಕಟ್ಟುವಾಗ ಸೀರೆಗಳು ಊರಿನ ಹೆಂಗಸರ ಪೆಟ್ಟಿಗೆಗಳಿಂದ ಬರುವುದುಂಟು. ತನ್ನ ಸೀರೆ ದೇವರ ಮೈಮೇಲೆ ಕುಣಿಯುವುದನ್ನು ನೋಡುವ ಹೆಂಗಸಿಗೆ ಆ ಕುಣಿತ ಕುಣಿಯುವವನೊಬ್ಬನದು ಮಾತ್ರವಲ್ಲ. ಇನ್ನು ತಮಟೆ. ಬಾರಿಸುವ ಮೊದಲು ಒಣಹುಲ್ಲಿನ ಬೆಂಕಿಗೆ ಹಿಡಿದು ಚರ್ಮವನ್ನು ಬಿಗಿ ಮಾಡಿಕೊಳ್ಳುತ್ತಾರೆ. ಬೆರಳಿನಿಂದ ಮೀಟಿ, ಮತ್ತೆ ಕಾಯಿಸಿ, ಮತ್ತೆ ಮೀಟಿ, ಸದ್ದು ಕಿವಿಗೆ ಸರಿಬಂದ ಮೇಲೆಯೇ ಎದ್ದು ನಿಲ್ಲುವುದು. ಶೀತಕ್ಕೆ ಚರ್ಮ ಸಡಿಲಗೊಳ್ಳುತ್ತದೆ. ನೀರಿನಲ್ಲಿ ನೆನೆದು ಕೊಳೆತರೆ ತಮಟೆಯ ಕತೆ ಮುಗಿಯಿತು. ನೆರೆಯ ಮರುದಿನ ಊರನ್ನು ಕರೆಯಬೇಕಾದ ವಾದ್ಯ, ನೆರೆಗೆ ಮೊದಲು ಹಾಳಾಗುವ ಸಾಮಾನುಗಳಲ್ಲಿ ಒಂದು. ಈಗ ಫೈಬರ್ ಹಾಳೆಯ ತಮಟೆಗಳು ಬಂದಿವೆ. ಮಳೆಗೆ ಹೆದರುವುದಿಲ್ಲ, ಸದ್ದೂ ಜೋರು. ಹಳಬರಿಗೆ ಆ ಸದ್ದು ಹಿಡಿಸುವುದಿಲ್ಲ, ನನಗೂ ಅಷ್ಟಾಗಿ ಹಿಡಿಸಿಲ್ಲ.

ಪಿಡುಗಿನಿಂದ ಹುಟ್ಟಿದ ಕುಣಿತವೊಂದು ಇನ್ನೊಂದು ವಿಪತ್ತನ್ನು ಎದುರಿಸಿದ ಉದಾಹರಣೆ ನೋಡಬೇಕಾದರೆ ಕೆಂಗಲ್ ಮುಂದಿನ ರಾಷ್ಟ್ರೀಯ ಹೆದ್ದಾರಿ 275ರಲ್ಲೇ ಮುಂದಕ್ಕೆ ಹೋಗಬೇಕು. ಮೈಸೂರು ದಾಟಿ ಅದು ಮಡಿಕೇರಿಗೆ ಏರುತ್ತದೆ. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದ ನಂತರ ಊರಿಗೆ ಸಾಂಕ್ರಾಮಿಕ ರೋಗ ಬಡಿದಾಗ ಮಾರಿಯಮ್ಮನ ಉತ್ಸವ ಶುರುವಾಯಿತು, ಅದೇ ಬೆಳೆದು ದಸರಾ ಆಯಿತು ಎಂಬುದು ಮಡಿಕೇರಿಯವರು ಹೇಳಿಕೊಂಡು ಬಂದ ಕತೆ. ಮಹಾಲಯ ಅಮಾವಾಸ್ಯೆಯ ಮರುದಿನ ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ ಎಂಬ ನಾಲ್ಕು ಶಕ್ತಿದೇವತೆಗಳ ಕರಗಗಳು ಪಂಪಿನಕೆರೆಯಿಂದ ಹೊರಟು ಕುಣಿಯುತ್ತ ಬೀದಿಗಿಳಿಯುತ್ತವೆ, ಮನೆಮನೆಯ ಮುಂದೆ ಪೂಜೆ ಪಡೆಯುತ್ತವೆ. 2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಸುತ್ತಿನ ಗುಡ್ಡಗಳು ಜಾರಿದವು. ಇಪ್ಪತ್ತರ ಆಸುಪಾಸಿನಲ್ಲಿ ಜನ ಸತ್ತರು, ಸಾವಿರಾರು ಮಂದಿ ಪರಿಹಾರ ಕೇಂದ್ರ ಸೇರಿದರು, ಮಂಗಳೂರಿನ ದಾರಿ ಕಡಿದುಹೋಯಿತು. ದಸರಾಕ್ಕೆ ಉಳಿದದ್ದು ಎರಡು ತಿಂಗಳು ಕೂಡ ಇಲ್ಲ.

ಆ ವರ್ಷ ದಸರಾ ಬೇಕೇ ಬೇಡವೇ ಎಂಬ ಚರ್ಚೆ ನಡೆದು, ಸರಳವಾಗಿ ಆಚರಿಸುವುದೆಂದಾಯಿತು. ಆ ಸರಳತೆಯಲ್ಲಿ ಯಾವುದನ್ನು ಮೊಟಕು ಮಾಡಿದರು, ಯಾವುದನ್ನು ಕೈಬಿಡಲಿಲ್ಲ ಎಂಬುದು ಗಮನಿಸಬೇಕಾದ್ದು. ಮೊಟಕಾದದ್ದು ವೇದಿಕೆಯ ಅದ್ದೂರಿ. ಕರಗ ಮಾತ್ರ ಹೊರಟಿತು. ರೋಗ ಕಳೆಯಲೆಂದು ಹುಟ್ಟಿದ್ದನ್ನು ಸಂಕಟದ ವರ್ಷವೇ ನಿಲ್ಲಿಸುವುದು ಹೇಗೆ ಎನ್ನುವ ಮಾತಿಗೆ ಎದುರುತ್ತರವಿಲ್ಲ. ನಾಡಹಬ್ಬದ ಸಂಭ್ರಮ ಬೇರೆ, ಊರಿನ ಹರಕೆ ಬೇರೆ ಎಂಬ ವ್ಯತ್ಯಾಸ ಅಲ್ಲಿ ಚೆನ್ನಾಗಿ ಉಳಿದಿದೆ. ನಮ್ಮ ಕಡೆ ಈ ಎರಡೂ ಕಲಸಿಹೋಗಿವೆ ಎನ್ನುವುದು ನನ್ನ ದೂರು. ರಾಮನಗರದಲ್ಲೂ ಆಷಾಢದಲ್ಲಿ ಚಾಮುಂಡೇಶ್ವರಿ ಕರಗದ ಜೊತೆ ಬೇರೆ ಬೇರೆ ಬಡಾವಣೆಗಳ ಶಕ್ತಿದೇವತೆಗಳ ಕರಗಗಳು ಒಂದೇ ರಾತ್ರಿ ಹೊರಡುತ್ತವೆ, ಕೊಂಡ ಹಾಯುವುದೂ ಉಂಟು. ಅದರ ಸುತ್ತ ಆರ್ಕೆಸ್ಟ್ರಾ, ಕಟೌಟು, ರಾಜಕಾರಣಿಗಳ ಫ್ಲೆಕ್ಸು ಎಷ್ಟು ಬೆಳೆದಿವೆಯೆಂದರೆ ಊರಿಗೆ ಕಷ್ಟ ಬಂದ ವರ್ಷ ಇಡೀ ಹಬ್ಬವೇ ದುಂದಾಗಿ ಕಾಣುತ್ತದೆ. ನಿಲ್ಲಿಸಿ ಎನ್ನುವವರ ಮಾತೇ ಸರಿ ಎನಿಸುತ್ತದೆ.

ವಿದ್ವಾಂಸರು ಏನು ಹೇಳಿದ್ದಾರೆ ಎಂದರೆ, ಹಳೆಯ ಮಾತು ಮತ್ತು ಹೊಸ ಅಳತೆ ಎರಡೂ ಇವೆ. ಅಂಡಮಾನಿನಲ್ಲಿ ಜಗಳವಾಡಿದ ಎರಡು ಗುಂಪುಗಳು ರಾಜಿಗಾಗಿ ಕುಣಿಯುವುದನ್ನು ರ್‍ಯಾಡ್‌ಕ್ಲಿಫ್-ಬ್ರೌನ್ 1922ರ ಪುಸ್ತಕದಲ್ಲಿ ಬರೆದರು. ಅವರ ಶಿಷ್ಯ, ನಮ್ಮ ಎಂ.ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜದ ಮೇಲಿನ 1952ರ ಗ್ರಂಥದಲ್ಲಿ ಊರಹಬ್ಬ, ಕುಣಿತಗಳನ್ನು ಊರಿನ ಒಗ್ಗಟ್ಟಿನ ಜೊತೆಗಿಟ್ಟು ನೋಡಿದರು. ಇದು ಮಾತಾಯಿತು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಪೇನಿನ ಸಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯ ಕೊಂಡ ಹಾಯುವವರ ಎದೆಬಡಿತವನ್ನು ಅಳೆದರು. ಬೆಂಕಿಯ ಮೇಲೆ ನಡೆದವನ ಬಡಿತದ ಏರಿಳಿತಕ್ಕೆ ಅಂಚಿನಲ್ಲಿ ನಿಂತು ನೋಡುತ್ತಿದ್ದ ಅವನ ನೆಂಟರು, ಗೆಳೆಯರ ಬಡಿತವೂ ಹೊಂದಿಕೊಂಡಿತ್ತು. ಸುಮ್ಮನೆ ನೋಡಲು ಬಂದ ಪರಸ್ಥಳದವರದು ಹೊಂದಲಿಲ್ಲ. 2015ರಲ್ಲಿ ಬ್ರೆಜಿಲ್‌ನ ಹದಿಹರೆಯದವರ ಮೇಲೆ ನಡೆದ ಇನ್ನೊಂದು ಪ್ರಯೋಗ, ಒಟ್ಟಿಗೆ ಒಂದೇ ಹೆಜ್ಜೆಯಲ್ಲಿ ಕುಣಿದವರಿಗೆ ನೋವು ತಾಳುವ ಶಕ್ತಿಯೂ ಪರಸ್ಪರ ಆಪ್ತತೆಯೂ ಹೆಚ್ಚುತ್ತದೆ ಎಂದು ತೋರಿಸಿತು. ಸ್ಪೇನಿನದು ನನಗೆ ಹೆಚ್ಚು ಮುಖ್ಯ. ಕುಣಿಯುವವನಿಗೂ ನೋಡುವವನಿಗೂ ಮೊದಲೇ ನಂಟಿದ್ದರೆ ಮಾತ್ರ ಎದೆ ಜೊತೆಗೂಡುತ್ತದೆ ಎಂದಾದರೆ, ಬೇರೆ ಜಿಲ್ಲೆಯ ತಂಡವನ್ನು ವ್ಯಾನಿನಲ್ಲಿ ಕರೆತಂದು ಸಂತ್ರಸ್ತರ ಮುಂದೆ ಕುಣಿಸುವುದರಿಂದ ಮನಸ್ಸಿಗೆ ಒಂದಿಷ್ಟು ಹಗುರವಾದೀತು, ಅಷ್ಟೇ.

ಜಪಾನಿನವರು ಈ ವಿಷಯದಲ್ಲಿ ನಮಗಿಂತ ಬಹಳ ಮುಂದೆ ಹೋಗಿದ್ದಾರೆ. 2011ರ ಮಾರ್ಚ್ 11ರ ಭೂಕಂಪ, ಸುನಾಮಿಯಲ್ಲಿ ಈಶಾನ್ಯ ಕರಾವಳಿಯ ಊರುಗಳು ಅಳಿಸಿಹೋದವು. ಸತ್ತವರು, ಕಾಣೆಯಾದವರು ಸೇರಿ ಹದಿನೆಂಟು ಸಾವಿರಕ್ಕೂ ಹೆಚ್ಚು. ಅಲ್ಲಿಯ ಮೀನುಗಾರ ಹಳ್ಳಿಗಳಲ್ಲಿ ಜಿಂಕೆಯ ಮುಖ ಹೊತ್ತು ಕುಣಿಯುವ ಕುಣಿತ, ಹುಲಿ ಕುಣಿತ, ಕಗುರಾ ಎಂಬ ದೇವರ ಕುಣಿತ ಊರಿಗೊಂದೊಂದು ಬಗೆಯಲ್ಲಿವೆ. ಮುಖವಾಡ, ಡೋಲು, ಉಡುಪುಗಳು ಸಮುದ್ರಪಾಲಾದವು, ಕುಣಿಯುವವರೂ ಸತ್ತರು. ಆದರೂ ಉಳಿದವರು ಕೆಲವೇ ತಿಂಗಳಲ್ಲಿ ಸತ್ತವರ ಶಾಂತಿಗೆಂದು ಕುಣಿಯತೊಡಗಿದರು. ಮಿಯಾಕೊ ಪಟ್ಟಣದ ಕುರೊಮೊರಿ ಕಗುರಾ ಮೇಳದ ಕತೆ ನಮ್ಮ ಮೇಳಗಳಿಗೆ ಬಹಳ ಹತ್ತಿರ. ಚಳಿಗಾಲದಲ್ಲಿ ಅದು ಕರಾವಳಿಯ ಊರೂರು ತಿರುಗುತ್ತದೆ; ಒಂದೊಂದು ಊರಿನಲ್ಲಿ ಒಂದು ಮನೆಯವರು ಮೇಳವನ್ನು ಇಳಿಸಿಕೊಂಡು, ಊಟ ಹಾಕಿ, ಕುಣಿತಕ್ಕೆ ಜಾಗ ಕೊಡಬೇಕು. ಸುನಾಮಿಯ ನಂತರ ಇಳಿಸಿಕೊಳ್ಳುವ ಮನೆಗಳೇ ಇರಲಿಲ್ಲ. ಮೇಳ ತಿರುಗುವುದನ್ನು ಬಿಡಲಿಲ್ಲ. ಹೊರಗಿನ ದಾನಿಗಳು ಡೋಲು, ಉಡುಪು, ಮುಖವಾಡಗಳನ್ನು ಹೊಸದಾಗಿ ಮಾಡಿಸಿಕೊಡಲು ಹಣ ಕೊಟ್ಟರು. ಯಾರ ಮುಂದೆ, ಯಾವಾಗ ಕುಣಿಯಬೇಕು ಎಂಬುದನ್ನು ಊರಿಗೇ ಬಿಟ್ಟರು. 2022ರಲ್ಲಿ ಯುನೆಸ್ಕೊ ಜಪಾನಿನ 41 ಫುರ್ಯೂ ಕುಣಿತಗಳನ್ನು ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಹಲವು ವಿಪತ್ತು ನಿವಾರಣೆಗೆ, ಸತ್ತವರ ನೆಮ್ಮದಿಗೆ ಕುಣಿಯುವಂಥವು.

ಇಷ್ಟು ಹೇಳಿದ ಮೇಲೆ ಕುಣಿತಕ್ಕೆ ಆಗದ್ದನ್ನೂ ಹೇಳಬೇಕು. 1876–78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು, ಎಂದರೆ ಐವರಲ್ಲಿ ಒಬ್ಬರನ್ನು. ವಂತಿಗೆ ಎತ್ತಲು ಮನೆಯಲ್ಲಿ ಕಾಳಿರಬೇಕು, ಸಾರು ಕೇಳಲು ಊರಿನಲ್ಲಿ ಜನ ಇರಬೇಕು. ಆ ಬರದಲ್ಲಿ ಈ ಸೀಮೆಗೆ ಕೂಲಿ ಕೊಟ್ಟದ್ದು, ಬರ ಪರಿಹಾರದ ಕೆಲಸವಾಗಿ ಶುರುವಾಗಿ 1881ರಲ್ಲಿ ಚನ್ನಪಟ್ಟಣಕ್ಕೂ ಮರುವರ್ಷ ಮೈಸೂರಿಗೂ ಮುಟ್ಟಿದ ರೈಲು ದಾರಿ. ಸಣ್ಣ ಬರಕ್ಕೆ ಮಳೆರಾಯನಿದ್ದಾನೆ: ಮಕ್ಕಳು ಮಣ್ಣಿನ ಮಳೆರಾಯನನ್ನು ಮಣೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ, ಮನೆಯವರು ನೀರು ಹುಯ್ದು ಹಿಟ್ಟೋ ಅಕ್ಕಿಯೋ ಕೊಡುತ್ತಾರೆ, ಕೂಡಿದ್ದನ್ನು ಒಟ್ಟಿಗೆ ಅಡಿಗೆ ಮಾಡಿ ಉಣ್ಣುತ್ತಾರೆ. ಉತ್ತರ ಕರ್ನಾಟಕದ ಗುರ್ಜಿಯೂ ಇದೇ ಬಗೆ. ಮಳೆ ಬಂತೋ ಬಿಟ್ಟಿತೋ, ಊರಿನ ಮಕ್ಕಳಿಗೆ ಒಂದು ಹೊತ್ತಿನ ಊಟವಂತೂ ಆಗುತ್ತಿತ್ತು. ತುಳುನಾಡು, ಕಾಸರಗೋಡಿನ ಕಡೆ ಆಟಿ ತಿಂಗಳ ಕಳೆಂಜನಿದ್ದಾನೆ. ಜಡಿಮಳೆಯಲ್ಲಿ ಬೇಸಾಯದ ಕೆಲಸವಿಲ್ಲದೆ, ಜ್ವರ ಕೆಮ್ಮಿನಲ್ಲಿ ಮನೆ ಮುದುಡಿ ಕೂತಾಗ, ತೆಂಗಿನ ಎಳೆಗರಿ ಸುತ್ತಿಕೊಂಡು ಓಲೆಕೊಡೆ ತಿರುಗಿಸುತ್ತ ಕುಣಿದು, ಮಾರಿ ಕಳೆಯುತ್ತೇನೆಂದು ಅಂಗಳಕ್ಕೆ ಬರುತ್ತಾನೆ. ಅಕ್ಕಿ, ತೆಂಗಿನಕಾಯಿ, ಉಪ್ಪು, ಅರಸಿನ ಪಡೆದು ಹೋಗುತ್ತಾನೆ. ಮಳೆಗಾಲದ ಹಸಿವಿನಲ್ಲಿ ಕುಣಿಯುವ ನಲಿಕೆಯವರ ಮನೆಗೆ ಅಕ್ಕಿ ಸೇರುವ ದಾರಿಯೂ ಅದೇ. ಆದರೆ ಅದೇ ಕಾಸರಗೋಡಿನ ಎಣ್ಮಕಜೆ, ಪಡ್ರೆ ಸುತ್ತಲಿನ ಗೇರು ತೋಟಗಳ ಮೇಲೆ ಎರಡು ದಶಕ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಯಾವ ಕಳೆಂಜನ ಕೈಗೂ ಸಿಗುವ ಮಾರಿಯಾಗಿರಲಿಲ್ಲ. ಅಲ್ಲಿ ಬೇಕಾದದ್ದು 2011ರ ಸುಪ್ರೀಂ ಕೋರ್ಟಿನ ನಿಷೇಧ, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಎಂದು ಅದೇ ಕೋರ್ಟು ಹೊರಡಿಸಿದ ಆದೇಶ. ಮನುಷ್ಯ ಮಾಡಿದ ವಿಪತ್ತಿನ ಮುಂದೆ ಕುಣಿತ ತಂದು ನಿಲ್ಲಿಸುವವರನ್ನು ಅನುಮಾನದಿಂದಲೇ ನೋಡಬೇಕು.

ಇನ್ನೊಂದು ತೊಡಕು ಊರೊಳಗಿನದು. ತಮಟೆ ಬಾರಿಸಿ ಊರು ಕೂಡಿಸುವವರು ಊರಿನ ಹೊರಗೆ ವಾಸವಿದ್ದರು. ಮಾರಿಹಬ್ಬದಲ್ಲಿ ಎಲ್ಲರ ಪಿಡುಗನ್ನು ಹೊತ್ತು ಎಲ್ಲೆ ದಾಟಿಸುವ ಕೆಲಸವೂ ಅವರ ಪಾಲಿಗೇ ಬರುತ್ತಿತ್ತು. ಬಾಡೂಟದ ಪಂಕ್ತಿಯಲ್ಲಿ ಮಾತ್ರ ಅವರು ಕೊನೆ. 1970ರ ದಶಕದ ದಲಿತ ಚಳವಳಿ ತಮಟೆ ಬಾರಿಸುವುದಿಲ್ಲ ಎಂದು ಎದ್ದು ನಿಂತದ್ದು ಇದೇ ಕಾರಣಕ್ಕೆ. ಈಗ ತಮಟೆ ಕಲೆಯಾಗಿ ಮರಳಿದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು, ಕಾಲೇಜು ಹುಡುಗಿಯರ ತಮಟೆ ತಂಡಗಳಿವೆ. ಕುಣಿತ ಊರನ್ನು ಕೂಡಿಸುತ್ತದೆ ಎಂದು ಬರೆಯುವವರು ಯಾವ ಊರು, ಯಾರ ಬೆವರಿನಿಂದ ಎಂದು ಕೇಳದೆ ಬಿಟ್ಟರೆ ಹಳೆಯ ವ್ಯವಸ್ಥೆಗೇ ಚಂದದ ಹೆಸರು ಕೊಟ್ಟಂತೆ. ತುರ್ತು ಸಂದರ್ಭಗಳಲ್ಲಿ ಮಾನಸಿಕ ಆರೈಕೆ ಹೇಗಿರಬೇಕೆಂದು ಅಂತರರಾಷ್ಟ್ರೀಯ ನೆರವು ಸಂಸ್ಥೆಗಳು 2007ರಲ್ಲಿ ಹೊರತಂದ ಮಾರ್ಗಸೂಚಿ, ಸಮುದಾಯದ ಆಚರಣೆಗಳಿಗೆ ಅನುವು ಮಾಡಿಕೊಡಿ ಎನ್ನುತ್ತದೆ. ಹಾನಿ ಮಾಡುವ ಆಚರಣೆಗಳೂ ಇರುತ್ತವೆ, ನೋಡಿಕೊಳ್ಳಿ ಎಂದೂ ಜೊತೆಗೇ ಹೇಳುತ್ತದೆ. ನಮ್ಮಲ್ಲಿ ಮೊದಲ ಮಾತನ್ನು ಸಂಸ್ಕೃತಿ ಇಲಾಖೆಯವರೂ ಎರಡನೆಯದನ್ನು ವಿಚಾರವಾದಿಗಳೂ ಹಂಚಿಕೊಂಡುಬಿಟ್ಟಿದ್ದಾರೆ.

ಕೊರೊನಾ ಬಂದಾಗ ಪ್ರಶ್ನೆಯೇ ತಿರುಗಿ ನಿಂತಿತು. ಕೂಡುವುದೇ ರೋಗವಾದಾಗ ಕುಣಿತ ಏನು ಮಾಡೀತು? 2020ರಲ್ಲಿ ಬೆಂಗಳೂರು ಕರಗ ಗುಡಿಯ ಆವರಣದೊಳಗೇ ಮುಗಿಯಿತು. ಊರಹಬ್ಬಗಳು ನಿಂತವು, ಜಾತ್ರೆಗಳು ನಿಂತವು. ಮೇಳದವರ ದುಡಿಮೆಯ ತಿಂಗಳುಗಳು ಮಾರ್ಚ್‌ನಿಂದ ಮೇ ತನಕ. ಎರಡು ವರ್ಷ ಸರಿಯಾಗಿ ಆ ತಿಂಗಳುಗಳೇ ಬೀಗ ಹಾಕಿಕೊಂಡವು. ಕಷ್ಟದಲ್ಲಿರುವ ಕಲಾವಿದರಿಗೆ ಸರ್ಕಾರ 2020ರಲ್ಲಿ 2,000 ರೂಪಾಯಿ, 2021ರಲ್ಲಿ 3,000 ರೂಪಾಯಿ ಕೊಟ್ಟಿತು. ಅರ್ಜಿ ಹಾಕಲು ಸ್ಮಾರ್ಟ್‌ಫೋನ್ ಬೇಕಿತ್ತು, ದಾಖಲೆ ಬೇಕಿತ್ತು. ತಮಟೆಯವರಲ್ಲಿ ಎಷ್ಟೋ ಮಂದಿಗೆ ಎರಡೂ ಇರಲಿಲ್ಲ. 2022ರಲ್ಲಿ ಹಬ್ಬಗಳು ಮರಳುವ ಹೊತ್ತಿಗೆ ಆಗಸ್ಟ್‌ನ ನೆರೆ, ವರ್ಷದ ಕೊನೆಗೆ ಚರ್ಮಗಂಟು ರೋಗದಿಂದ ದನಗಳ ಜಾತ್ರೆಗಳ ಮೇಲೆ ರಾಜ್ಯದಲ್ಲಿ ನಿರ್ಬಂಧ. ಊರನ್ನು ಎಬ್ಬಿಸುವವರೇ ಹೀಗೆ ಸಾಲಾಗಿ ಬಿದ್ದರೆ ಅವರನ್ನು ಎಬ್ಬಿಸುವವರು ಯಾರು ಎಂಬುದಕ್ಕೆ ಯಾವ ಇಲಾಖೆಯ ಕಡತದಲ್ಲೂ ಜಾಗವಿಲ್ಲ. ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಮನೆ, ಬೆಳೆ, ದನ, ದೋಣಿ, ಬಲೆ, ಕೈಮಗ್ಗ ಮತ್ತು ಕರಕುಶಲದವರ ಸಲಕರಣೆಗಳಿಗೆ ಕಲಮುಗಳಿವೆ. ಕುಣಿತದ ಮೇಳದ ತಮಟೆ, ಪೂಜೆ, ಪಟಗಳಿಗೆ ಅಂಥದೊಂದು ಸಾಲು ಸೇರಿಸಲು ದೊಡ್ಡ ಖರ್ಚೇನೂ ಬಾರದು.

ಜಾಗದ ಮಾತೂ ಇದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ನವಗ್ರಾಮಗಳನ್ನು ಕಟ್ಟಿದರು. ಹೊಲಕ್ಕೆ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಎಷ್ಟೋ ಮನೆಗಳು ಖಾಲಿ ಬಿದ್ದವು. ಸಾಲು ಸಾಲು ಮನೆಗಳ ಆ ನಕ್ಷೆಗಳಲ್ಲಿ ರಸ್ತೆ, ಚರಂಡಿ, ಅಂಗನವಾಡಿ ಇರುತ್ತವೆ. ಜಗ್ಗಲಿಗೆಯೆಂಬ ದೊಡ್ಡ ಚರ್ಮವಾದ್ಯ ಉರುಳಿಸಲು, ಕೊಂಡ ಹಾಕಲು, ಮೊಹರಂನ ಬೆಂಕಿಗುಂಡಿಯಾದ ಅಲಾಯಿ ಕುಣಿ ತೋಡಲು ಬೇಕಾದ ನಡುಬಯಲು ಯಾರ ತಲೆಗೂ ಹೊಳೆಯುವುದಿಲ್ಲ. ಕೊಡವರಲ್ಲಿ ಊರು ಕೂಡುವ ಬಯಲಾದ ಮಂದ್ ಎಂದರೆ ಅದು ಊರಿನದೇ, ಯಾರೊಬ್ಬರದೂ ಅಲ್ಲ. ಸುಗ್ಗಿಹಬ್ಬವಾದ ಪುತ್ತರಿಯ ಕೋಲಾಟ ನಡೆಯುವುದು ಅಲ್ಲಿ. ಗುಡ್ಡ ಜಾರಿದ ಊರಿನವರಿಗೆ ಬೇರೆ ಕಡೆ ಸೈಟು ಕೊಡಬಹುದು, ಮಂದ್ ಕೊಡುವುದು ಹೇಗೆ ಎಂದು ಯೋಜನಾ ಪ್ರಾಧಿಕಾರದವರು ಒಮ್ಮೆ ಕೂತು ಯೋಚಿಸಬೇಕು.

ಮತ್ತೆ ರಾಮನಗರಕ್ಕೆ ಬರುವುದಾದರೆ, 2022ರಲ್ಲಿ ನೀರು ನುಗ್ಗಿದ ಬೀದಿಗಳಲ್ಲಿ ಮುಸ್ಲಿಂ ಮನೆಗಳು ಹೆಚ್ಚು. ಮಾರಿಹಬ್ಬದ ವಂತಿಗೆಯ ಪಟ್ಟಿ ಅವರ ಬಾಗಿಲಿಗೆ ಹೋಗುವುದಿಲ್ಲ. ಹಾಗಾಗಿ ಹಳ್ಳಿಗೆ ಒಪ್ಪುವ ಮೇಲಿನ ಮಾತುಗಳನ್ನು ಪಟ್ಟಣಕ್ಕೆ ಹಾಗೆಯೇ ಹೊಂದಿಸಲಾಗದು. ಉತ್ತರ ಕರ್ನಾಟಕ ಈ ತೊಡಕನ್ನು ತನ್ನದೇ ರೀತಿಯಲ್ಲಿ ಬಿಡಿಸಿಕೊಂಡಿದೆ: ಕರ್ಬಲಾದ ಸಾವಿನ ದುಃಖವನ್ನು ಊರಿನ ಹಿಂದೂ ಮುಸ್ಲಿಮರು ಸೇರಿ ಅಲಾಯಿ ಕುಣಿಯ ಸುತ್ತ ಹೆಜ್ಜೆಮೇಳ ಕಟ್ಟಿ ಕುಣಿಯುತ್ತಾರೆ, ಮುಸ್ಲಿಂ ಮನೆಯೇ ಇಲ್ಲದ ಊರುಗಳಲ್ಲೂ ಮೊಹರಂ ನಡೆಯುತ್ತದೆ. ನಮ್ಮಲ್ಲಿ ಅಂಥ ಕುಣಿತವಿಲ್ಲ. ಪೀರನ್ ಷಾ ವಲಿ ದರ್ಗಾದ ಉರುಸ್ ಇದೆ, ಕರಗವಿದೆ, ಎರಡನ್ನೂ ಹೆಣೆಯುವ ಮೂರನೆಯದು ಹಬ್ಬವಲ್ಲ, ರೇಷ್ಮೆ ಗೂಡಿನ ಮಾರುಕಟ್ಟೆ. ಗೂಡು ತರುವವರು ಹಳ್ಳಿಯ ರೈತರು. ಕೊಂಡು ನೂಲು ಬಿಚ್ಚುವವರು ಬಹುಪಾಲು ಆ ಬೀದಿಗಳವರು. ದಿನಬೆಳಗಾದರೆ ಮುಖ ನೋಡಿಕೊಳ್ಳುವ ಇವರು ಒಂದೇ ಮಳೆಯಲ್ಲಿ ಇಬ್ಬರೂ ನೆಂದವರು. ಹಿಪ್ಪುನೇರಳೆ ತೋಟದಲ್ಲಿ ನೀರು ನಿಂತ ರೈತನಿಗೂ ಯಂತ್ರ ಕೆಟ್ಟ ರೀಲರ್‌ಗೂ ಒಟ್ಟಿಗೆ ನಿಲ್ಲಲು ಒಂದು ಅಂಗಳ ಬೇಕಾದರೆ ಮಾರುಕಟ್ಟೆಯದು ಈಗಾಗಲೇ ಇದೆ. ಜಾನಪದ ಲೋಕದವರು ಕೈ ಹಾಕಿದರೆ, ರಜೆಯ ಒಂದು ದಿನ ಅಲ್ಲಿ ಈ ಸೀಮೆಯದೇ ತಮಟೆ, ಈ ಸೀಮೆಯದೇ ಕೋಲಾಟದ ಮೇಳಗಳನ್ನು ಕೂಡಿಸುವುದು ಕಷ್ಟದ ಕೆಲಸವಲ್ಲ. ಭಾಷಣ ಮಾಡುವವರನ್ನು ಕರೆಯದಿದ್ದರೆ ಇನ್ನೂ ಒಳ್ಳೆಯದು. ಮೇಳದವರ ಸಂಭಾವನೆಯನ್ನು ಯಾವ ಇಲಾಖೆಯ ತಲೆಗೆ ಕಟ್ಟುವುದು ಎಂಬ ತಕರಾರು ಬಂದೇ ಬರುತ್ತದೆ. ಅದನ್ನು ಇಲಾಖೆಗೆ ಬಿಡದೆ, ರೈತನಿಂದ ಇಷ್ಟು, ರೀಲರ್‌ನಿಂದ ಇಷ್ಟು ಎಂದು ಅಲ್ಲೇ ಎತ್ತಬೇಕು. ತೋಟ ಕಳೆದುಕೊಂಡವನು ಹತ್ತು ರೂಪಾಯಿ ಕೊಟ್ಟರೂ ಪಟ್ಟಿಯಲ್ಲಿ ಅವನ ಹೆಸರು ಬರೆಯಬೇಕು.